ಆಂಪ್ ಸಿಮ್‌ದಾಗ ಸಾಫ್ ರಾಕ್ ಟೋನ್ ಬರವಲ್ದು, ಜರಾ ದಾರಿ ತೋರಸ್ರಿ

ಶಹಾಬಾದ್_ಫರ್ಸಿ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ಗಿಟಾರ್ ಹಿಡದು ಐದು ವರ್ಷ ಆಯ್ತು, ಕಂಪ್ಯೂಟರ್‌ದಾಗ ನುಡಸ್ಲಾಕ ಸುರು ಮಾಡಿ ಬರೇ ಮೂರು ತಿಂಗಳು. ಖರೇ ಟ್ಯೂಬ್ ಆಂಪ್ ತಗೊಳೋ ತಾಕತ್ತಿಲ್ಲ, ತಗೊಂಡ್ರೂ ನಮ್ಮ ಓಣ್ಯಾಗ ಗ್ವಾಡಿಗೆ ಗ್ವಾಡಿ ಹತ್ತಿದ ಮನಿ, ರಾತ್ರಿ ಹನ್ನೊಂದಕ್ಕ ಅದನ್ನ ಹಚ್ಲಾಕ ಆಗಲ್ಲ. ಅದಕ್ಕ ಎರಡು ಇನ್‌ಪುಟ್‌ದು ಸಣ್ಣ ಆಡಿಯೊ ಇಂಟರ್ಫೇಸ್ ತಗೊಂಡೀನಿ, ಲ್ಯಾಪ್‌ಟಾಪ್‌ದಾಗ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕೀನಿ, ಆಂಪ್ಲಿಟ್ಯೂಬ್‌ದು ಫ್ರೀ ಆವೃತ್ತಿ ಅದ, ನ್ಯೂರಲ್ ಆಂಪ್ ಮಾಡೆಲರ್ ಅದ, ಎರಡೂ ಆಂಪ್ ಸಿಮ್, ಅಂದ್ರ ಖರೇ ಆಂಪಿನ ನಕಲು ಮಾಡೋ ಸಾಫ್ಟ್‌ವೇರ್.

ಡಿಸ್ಟಾರ್ಷನ್ ಹಾಕಿದ್ರ ಮಸ್ತ್ ಬರ್ತದ. ತ್ರಾಸ್ ಎಲ್ಲಾ ಕ್ಲೀನ್ ಟೋನ್‌ದಾಗ. ಒಂದು ಪ್ರಿಸೆಟ್ (ಮೊದ್ಲೇ ಮಾಡಿಟ್ಟ ಸೆಟ್ಟಿಂಗ್) ಹಾಕಿದ್ರ ತಗಡಿನ ಮ್ಯಾಲ ಉಗುರು ಎಳದಂಗ, ಇನ್ನೊಂದು ಹಾಕಿದ್ರ ಸ್ಪೀಕರ್ ಮ್ಯಾಲ ಕಂಬಳಿ ಹೊಚ್ಚಿದಂಗ, ಮತ್ತ ಜೋರ್ ಸ್ಟ್ರಮ್ ಮಾಡಿದ್ರ ಸಾಕು, ಕ್ಲೀನ್ ಅಂತ ಹೆಸರಿದ್ದ ಪ್ರಿಸೆಟ್‌ದಾಗೂ ಚರ್ ಅಂತ ಹರದ ಆವಾಜ್ ಬರ್ತದ. ನನಗ ಬೇಕಾಗಿದ್ದು ಜ್ಯಾಝ್‌ನವರ ಮೆತ್ತನ ಟೋನ್ ಅಲ್ಲ, ಮೆಟಲ್ ಹಾಡಿನ ಮುಂಚೆ ಬರೋ ಆ ಐಸಿನಂಥ ತಣ್ಣಗಿನ ಟೋನೂ ಅಲ್ಲ. ರಾಕ್‌ದಾಗ ಹಾಡೋರ ಹಿಂದ ಕಾರ್ಡ್ ನುಡದಾಗ ಆರೂ ತಂತಿ ಬ್ಯಾರೆ ಬ್ಯಾರೆ ಕೇಳಸ್ತಾವಲ್ಲ, ಗಟ್ಟಿ ಬಾರಿಸಿದ್ರ ತುದಿಗೆ ಒಂದೀಟು ಖಾರ ಬರ್ತದಲ್ಲ, ಅದು ಬೇಕು. ನಾವು ನಾಕು ಮಂದಿ ಗೆಳ್ಯಾರು ಸೇರಿ ನಮ್ಮ ಭಾಷ್ಯಾಗ ಎರಡು ಹಾಡು ಬರದೀವಿ, ಮಾತು ನಮ್ಮೂರಿನ ಮಾತೇ, ಅದರ ರೆಕಾರ್ಡಿಂಗ್ ನನ್ನ ಮ್ಯಾಲೇ ಬಿದ್ದದ, ಹೆಂಗರೆ ಮಾಡಿ ಛಲೋ ಮಾಡಬೇಕು ಅಂತ ಮನಸ್ನಾಗ ಭಾಳ ಅದ.

ಗಿಟಾರ್ ಸ್ಟ್ರಾಟ್ ನಮೂನಿದು, ಬ್ರಿಜ್ ಹತ್ರ ಹಂಬಕರ್ (ಎರಡು ಸುರುಳಿ ಪಿಕಪ್), ಉಳಿದ ಎರಡೂ ಸಿಂಗಲ್ ಕಾಯಿಲ್ (ಒಂದೇ ಸುರುಳಿದು). ಕೇಬಲ್ 6 ಮೀಟರ್. ಇಂಟರ್ಫೇಸ್‌ದಾಗ ಗೇನ್ ಅರ್ಧಕ್ಕಿಂತ ಜಾಸ್ತಿ ಇಟ್ಟೀನಿ, ಯಾಕಂದ್ರ ರೀಪರ್‌ದಾಗ ಅಲಿ ಭಾಳ ಸಣ್ಣದು ಕಾಣಸ್ತಿತ್ತು. ಇದರ ಜೋಡಿ ಗುಂಯ್ ಅನ್ನೋ ಹಮ್ ಬ್ಯಾರೆ. ಹೆಡ್‌ಫೋನ್‌ದಾಗೇ ಕೇಳೋದು, ಅದೂ ರಾತ್ರಿ. ಪ್ರಿಸೆಟ್ ಬದಲಿ ಮಾಡಿ ಮಾಡಿ ಸಾಕಾಗ್ಯದ್ರಿ, ಎಲ್ಲಿಂದ ಸುರು ಮಾಡ್ಲಿ?


ಭೀಮಾ_ದಂಡಿ (ಯಾದಗಿರಿ)

ಪ್ರಿಸೆಟ್ ಮುಟ್ಟಬ್ಯಾಡ ತಮ್ಮಾ. ನಿನ್ನ ಗಂಟು ಸಾಫ್ಟ್‌ವೇರ್‌ದಾಗ ಇಲ್ಲ, ಅದಕ್ಕಿಂತ ಹಿಂದ ಐತಿ. ಕ್ಲೀನ್ ಟೋನ್‌ದಾಗ ಏನೂ ಮುಚ್ಚಿಡಾಕ ಬರಲ್ಲ, ಡಿಸ್ಟಾರ್ಷನ್ ಇದ್ರ ಹಿಂದಿನ ತಪ್ಪೆಲ್ಲಾ ಅದರ ಗದ್ದಲದಾಗ ಮುಳಗಿ ಹೋಗ್ತಾವು, ಕ್ಲೀನ್ ಮಾಡಿದ ಕೂಡ್ಲೆ ಎಲ್ಲಾ ಮ್ಯಾಲ ತೇಲ್ತಾವು.

ಮೊದಲ ಕೆಲಸ, ಇಂಟರ್ಫೇಸ್ ಮ್ಯಾಲ ಇನ್ಸ್ಟ್ (ಇನ್ಸ್ಟ್ರುಮೆಂಟ್) ಅಂತ ಒಂದು ಬಟನ್ ಇರ್ತೈತಿ, ಇಲ್ಲಾ ಗಿಟಾರ್ ಚಿತ್ರ ಇರ್ತೈತಿ, ಅದು ಒತ್ತೀಯೇನು? ಭಾಳ ಮಂದಿ ಒತ್ತಿರಂಗಿಲ್ಲ. ಗಿಟಾರ್ ಪಿಕಪ್ ಅಂದ್ರ ಸಾವಿರಾರು ಸುತ್ತು ತಂತಿಯ ಸುರುಳಿ, ಅದಕ್ಕ ಮುಂದ ದೊಡ್ಡ ಇಂಪೀಡೆನ್ಸ್ (ಸಿಗ್ನಲ್ಲಿಗೆ ತಡೆ) ಬೇಕು, ಟ್ಯೂಬ್ ಆಂಪ್‌ದಾಗ ಅದು 1 ಮೆಗಾ ಓಮ್ ಇರ್ತೈತಿ, ಇಂಟರ್ಫೇಸಿನ ಇನ್ಸ್ಟ್ ಇನ್‌ಪುಟ್ಟೂ ಹೆಚ್ಚು ಕಡಿಮಿ ಅಷ್ಟೇ. ಲೈನ್ ಇನ್‌ಪುಟ್ ಆದ್ರ ಬರೇ 10 ಕಿಲೋ ಓಮ್ ಹತ್ರ. ಪಿಕಪ್ ಅದಕ್ಕ ಹಚ್ಚಿದ್ರ 3ರಿಂದ 5 ಕಿಲೋ ಹರ್ಟ್ಜ್ ನಡುವ ಪಿಕಪ್‌ಗೆ ಸ್ವಂತದ್ದು ಅಂತ ಒಂದು ಏರು ಇರ್ತೈತಲ್ಲ, ಮಿಂಚು ಅಂತೀವಲ್ಲ ಅದು, ಪೂರಾ ಕುಸೀತೈತಿ. ನೀ ಹೇಳಿದ ಕಂಬಳಿ ಅದೇ ಇರಬಹುದು. ಒಮ್ಮೆ ಕುಸಿದದ್ದನ್ನ ಮುಂದ ಟ್ರೆಬಲ್ ಏರಿಸಿ ತರಾಕ ಹೋದ್ರ ಮಿಂಚು ಬರಂಗಿಲ್ಲ, ಸುಳ್ಳೇ ಸುಂಯ್ ಅನ್ನೋದು ಬರ್ತೈತಿ.

ಎರಡನೇದು ಗೇನ್. ಅಲಿ ಸಣ್ಣದು ಕಾಣ್ತೈತಿ ಅಂತ ಏರಿಸಿದಿ ಅಲ್ಲ, ಚರ್ ಅನ್ನೋದು ಅಲ್ಲಿಂದಾನೇ ಬಂದೈತಿ. 24 ಬಿಟ್‌ದಾಗ ರೆಕಾರ್ಡ್ ಮಾಡುವಾಗ ಅಲಿ ಸಣ್ಣದಿದ್ರ ಏನೂ ನಷ್ಟ ಇಲ್ಲ, ಕಣ್ಣಿಗೆ ಬೇಕಂದ್ರ ರೀಪರ್‌ದಾಗ ಝೂಮ್ ಮಾಡ್ಕೊ. ಸಾಫ್ಟ್‌ವೇರ್ ಒಳಗಿನ ಆಂಪ್‌ಗೆ ನೀ ಎಷ್ಟು ಕೊಡ್ತಿ ಅಷ್ಟನ್ನೂ ಅದು ಗಿಟಾರ್‌ದಿಂದಾನೇ ಬಂತು ಅಂತ ತಿಳ್ಕೋತೈತಿ. 6 ಡೆಸಿಬಲ್ ಜಾಸ್ತಿ ಕೊಟ್ಟಿ ಅಂದ್ರ ವೋಲ್ಟೇಜ್ ಎರಡು ಪಟ್ಟು ಆದಂಗ, 12 ಕೊಟ್ಟಿ ಅಂದ್ರ ನಾಕು ಪಟ್ಟು, ಅಷ್ಟಾದ್ರ ಯಾವ ಆಂಪಾದ್ರೂ ಹರೀತೈತಿ, ಖರೇ ಆಂಪ್ ಮುಂದ ಬೂಸ್ಟರ್ ಪೆಡಲ್ ಇಟ್ಟಂಗ ಅದು. ಗೇನ್ ಪೂರಾ ಇಳಿಸು, ನಿನ್ನ ಕೈಲಾದಷ್ಟು ಜೋರಾಗಿ ಆರೂ ತಂತಿ ಬಾರಿಸು, ಮೀಟರ್ ಮೈನಸ್ 12 ಹತ್ರ ಮುಟ್ಟಿದ್ರ ಅಲ್ಲಿಗೇ ಬಿಡು. ಅಷ್ಟಕ್ಕೂ ಕ್ಲೀನ್ ಆಗ್ಲಿಲ್ಲ ಅಂದ್ರ ಪ್ಲಗಿನ್‌ದಾಗ (ಆಂಪ್ ಸಿಮ್‌ದಾಗ) ಇನ್‌ಪುಟ್ ಅನ್ನೋ ಗುಬುಟು ಐತಲ್ಲ, ಅದನ್ನ 3, 6 ಹಂಗ ಇಳಿಸ್ತಾ ಬಾ, ಆಂಪ್‌ನ ಗುಬುಟು ಮುಟ್ಟೂದು ಆಮ್ಯಾಲ.

ಇಷ್ಟು ಮಾಡಿ ಹೇಳು. ತಂತಿ ಎಷ್ಟು ದಿನದ್ದು ಅದನ್ನೂ ಹೇಳು. ಹಳೇ ತಂತಿ ಮ್ಯಾಲ ಕ್ಲೀನ್ ಟೋನ್ ಹುಡುಕೂದು ಬತ್ತಿದ ಬಾವ್ಯಾಗ ಕೊಡ ಬಿಟ್ಟಂಗ.


ಬಿದರಿ_ತಂತಿ (ಬೀದರ್)

ಭೀಮಾ ದಂಡಿಯವ್ರು ಹೇಳಿದ್ದು ನೂರಕ್ಕ ನೂರು ಖರೆ, ಮೊದಲು ಅದೇ ಮಾಡ್ರಿ. ನಾ ಆಂಪ್ ಬಗ್ಗೆ ಹೇಳ್ತೀನಿ, ಯಾಕಂದ್ರ ನಿಮಗ ಬೇಕಾದ ಟೋನ್‌ಗೆ ಕ್ಲೀನ್ ಅನ್ನೋ ಹೆಸರೇ ದಾರಿ ತಪ್ಪಸ್ತದ ಅಂತ ನನಗ ಅನಸ್ತದ.

ರಾಕ್‌ದಾಗ ಕ್ಲೀನ್ ಅಂತ ಕೇಳಸ್ತದಲ್ಲ, ಅದರಾಗ ಅರ್ಧಕ್ಕಿಂತ ಜಾಸ್ತಿ ಪೂರಾ ಕ್ಲೀನ್ ಇರಂಗೇ ಇಲ್ಲ. ಆಂಪ್ ಹರಿಯೋ ಅಂಚಿಗೆ ಬಂದು ನಿಂತಿರ್ತದ. ಮೆತ್ತಗ ನುಡದ್ರ ಸಾಫ್, ಗಟ್ಟಿ ನುಡದ್ರ ಒಂದೀಟು ಖಾರ, ನೀವು ಬರದಿದ್ದು ಅದೇ ಅಲ್ಲ. ಹಂಗಾದ್ರ ಗೇನ್ ಸೊನ್ನಿಗೆ ಇಳಿಸಿದ ಪ್ರಿಸೆಟ್‌ದಾಗ ಅದು ಹ್ಯಾಂಗ ಸಿಗ್ತದ? ಟ್ಯೂಬ್ ಜರಾ ಒತ್ತಡಕ್ಕ ಬಂದಾಗ ತಾನೇ ಮೆತ್ತಗ ಕಂಪ್ರೆಸ್ ಮಾಡ್ತದ, ನಾದಕ್ಕ ಮೈ ಬರೋದು ಅಲ್ಲಿಂದ. ಪೂರಾ ಇಳಿಸಿದ್ರ ಬರೇ ಎಲುಬು ಉಳೀತಾವ, ಅದೇ ತಗಡಿನ ಆವಾಜ್.

ಮೂರು ಕಂಪನಿಯ ಆಂಪಿನ ಗುಣ ತಿಳ್ಕೊಂಡ್ರ ಸಾಕು, ಸಾಫ್ಟ್‌ವೇರ್‌ದಾಗ ಇರೋ ಕ್ಲೀನ್ ಮಾಡೆಲ್ ಎಲ್ಲಾ ಹೆಚ್ಚು ಕಡಿಮಿ ಇವುಗಳ ಮಕ್ಕಳು ಮರಿ. ಫೆಂಡರ್ ಟ್ವಿನ್ ರಿವರ್ಬ್, 1963ರದು, ನಾಕು 6ಎಲ್6 ಟ್ಯೂಬ್, ಸುಮಾರು 85 ವ್ಯಾಟ್, ಎಷ್ಟು ಏರಿಸಿದ್ರೂ ಜಲ್ದಿ ಹರಿಯಲ್ಲ. ಅದರ ತಮ್ಮ ಡಿಲಕ್ಸ್ ರಿವರ್ಬ್, 22 ವ್ಯಾಟ್, ವಾಲ್ಯೂಮ್ 4-5ಕ್ಕ ಬಂದ್ರ ಖಾರ ಬರ್ಲಾಕ ಸುರು. ವಾಕ್ಸ್ ಎಸಿ30, ಇಂಗ್ಲೆಂಡಿನದು, ನಾಕು ಇಎಲ್84, ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ, ಅದಕ್ಕೇ ಗಂಟಿ ಬಾರಿಸಿದಂಗ ಝಣ್ ಅಂತದ, ಸಾಫ್‌ನಿಂದ ಖಾರಕ್ಕ ಹೋಗೋದು ಗೊತ್ತೇ ಆಗಲ್ಲ. ರೋಲ್ಯಾಂಡ್‌ದು ಜೆಸಿ-120 ಅಂತ 1975ರದು ಒಂದದ, ಅದರಾಗ ಟ್ಯೂಬೇ ಇಲ್ಲ, ಎರಡು ಸ್ಪೀಕರ್‌ಗೆ ಬ್ಯಾರೆ ಬ್ಯಾರೆ 60 ವ್ಯಾಟ್, ಅದರ ಕೋರಸ್ ಚೆಂದ, ಆದ್ರ ನಿಮಗ ಬ್ಯಾಡಂದ ಐಸಿನ ಟೋನ್ ಅಂದ್ರ ಅದೇ. ನಿಮ್ಮ ಕೆಲಸಕ್ಕ ಡಿಲಕ್ಸ್ ಇಲ್ಲಾ ಎಸಿ30. ಎರಡರಾಗ ಒಂದು ಆರಿಸ್ರಿ ಅಂದ್ರ ಹಾಡೋರ ಹಿಂದ ಕಾರ್ಡಿಗೆ ನಾ ಎಸಿ30 ಅಂತೀನಿ.

ಗುಬುಟಿನ ವಿಷಯ. ಫೆಂಡರ್‌ದಾಗ ಎಲ್ಲಾ ನಡುವ 5ಕ್ಕ ಇಟ್ರ ಸಪಾಟ್ ಇರ್ತದ ಅಂತ ತಿಳ್ಕೊಬ್ಯಾಡ್ರಿ, ಆ ಸರ್ಕ್ಯೂಟ್ ಹುಟ್ಟಾ 400-500 ಹರ್ಟ್ಜ್ ಹತ್ರ ದೊಡ್ಡ ತೆಗ್ಗು ತೋಡ್ತದ. ಮನ್ಯಾಗ ಒಬ್ಬರೇ ನುಡ್ಸುವಾಗ ಅದು ಭಾಳ ಚೆಂದ, ಬ್ಯಾಂಡ್ ನಡು ಹೋದ್ರ ಗಿಟಾರ್ ಕಾಣಂಗೇ ಇಲ್ಲ. ಬಾಸ್ 2-3, ಟ್ರೆಬಲ್ 4, ಮಿಡ್ ಇದ್ರ 7-8 ತನಕ ಏರಸ್ರಿ. ವಾಕ್ಸ್‌ದಾಗ ಕಟ್ ಅಂತ ಗುಬುಟು ಇರ್ತದ, ಅದು ಉಲ್ಟಾ, ಏರಿಸಿದ್ರ ಮ್ಯಾಲಿನ ಚೂಪು ಕಡಿಮಿ ಆಗ್ತದ. ಇದು ಗೊತ್ತಿಲ್ದೆ ಎಷ್ಟು ಮಂದಿ ವಾಕ್ಸ್ ಕಿವಿ ಚುಚ್ಚತದ ಅಂತ ಬಿಟ್ಟಾರ. ಮತ್ತ ಬ್ರೈಟ್ ಸ್ವಿಚ್ ವಾಲ್ಯೂಮ್ ಕಡಿಮಿ ಇದ್ದಾಗ ಜಾಸ್ತಿ ಚುಚ್ಚತದ, ವಾಲ್ಯೂಮ್ ಏರಿದಂಗೆಲ್ಲಾ ಅದರ ಜೋರ್ ಇಳೀತದ, ಅದಕ್ಕ ಗೇನ್ ಇಳಿಸಿ ಬ್ರೈಟ್ ಹಚ್ಚಿಟ್ರ ನಿಮ್ಮ ಉಗುರಿನ ಆವಾಜ್ ಬರೊಬ್ಬರಿ ಬರ್ತದ.

ಇನ್ನೊಂದು. ನ್ಯೂರಲ್ ಆಂಪ್ ಮಾಡೆಲರ್‌ದಾಗ ಯಾವ ಕ್ಯಾಪ್ಚರ್ (ಖರೇ ಆಂಪಿನ ಆವಾಜ್ ಹಿಡದಿಟ್ಟ ಫೈಲು) ಹಾಕೀರಿ? ಅದು ಬರೇ ಆಂಪ್ ಹೆಡ್ಡಿಂದೋ, ಕ್ಯಾಬಿನೆಟ್ ಮೈಕ್ ಸಮೇತ ತಗದದ್ದೋ ನೋಡ್ರಿ. ಕ್ಯಾಬಿನೆಟ್ ಮೊದ್ಲೇ ಒಳಗಿದ್ದು, ಅದರ ಮುಂದ ನೀವು ಮತ್ತೊಂದು ಐಆರ್ (ಕ್ಯಾಬಿನೆಟ್ ಮತ್ತ ಮೈಕಿನ ಗುಣ ಹಿಡದಿಟ್ಟ ಫೈಲು) ಹಾಕಿದ್ರ ಒಂದು ಸ್ಪೀಕರ್ ಒಳಗ ಇನ್ನೊಂದು ಸ್ಪೀಕರ್ ಇಟ್ಟಂಗ ಆಗ್ತದ. 12 ಇಂಚಿನ ಗಿಟಾರ್ ಸ್ಪೀಕರ್ 5 ಕಿಲೋ ಹರ್ಟ್ಜ್ ಮ್ಯಾಲ ತಾನೇ ಬೀಳ್ತದ, ಎರಡು ಸಲ ಬಿದ್ರ ಕಂಬಳಿ. ಬರೇ ಹೆಡ್ ಇದ್ದು ಐಆರ್ ಹಾಕ್ಲಿಲ್ಲ ಅಂದ್ರ ತಗಡು. ನಿಮ್ಮ ಎರಡೂ ರೋಗ ಒಂದೇ ಕಡಿಂದ ಬಂದಿರಬಹುದು.

ನಮ್ಮ ಊರಿನ ಬಿದರಿ ಕೆಲಸದಾಗ ಬೆಳ್ಳಿ ತಂತಿ ಹಂಗ ಹೊಳೀಲಾಕ ಬೆಳ್ಳಿಗಿಂತ ಹೆಚ್ಚು ಆ ಕರಿ ಕಾರಣ, ಕೋಟಿಯ ಮಣ್ಣಿನಾಗ ಕುದಿಸಿ ಸತುವು ಕಪ್ಪಗ ಮಾಡ್ತಾರ, ಆಗ ಕೂದಲಿನಷ್ಟ ಸಣ್ಣ ಗೆರಿನೂ ಕಾಣಸ್ತದ. ಕ್ಲೀನ್ ಗಿಟಾರ್ ಹಿಂದ ಅಂಥ ಕರಿ ಬೇಕು, ಅಂದ್ರ ಹಮ್ ಹೋಗ್ಬೇಕು. ಅದು ನನಗ ಅಷ್ಟು ಬರಲ್ಲ, ಕರೆಂಟ್ ತಿಳದೋರು ಹೇಳ್ಲಿ.


ಶಹಾಬಾದ್_ಫರ್ಸಿ

ಇಬ್ಬರಿಗೂ ಶರಣ್ರಿ. ನಿನ್ನಿ ರಾತ್ರಿ ಮೂರು ತಾಸು ಕುಂತೆ.

ಇನ್ಸ್ಟ್ ಬಟನ್ ಒತ್ತಿರ್ಲಿಲ್ಲ. ಒತ್ತಿದ ಕೂಡ್ಲೆ ಗಿಟಾರ್ ಬದಲಿ ಆದಂಗ ಆಯ್ತು, ಖರೇನೇ ಹೇಳ್ತೀನಿ, ಮೂರು ತಿಂಗಳು ನನ್ನ ಗಿಟಾರಿನ ಪಿಕಪ್ಪೇ ಸರಿ ಇಲ್ಲ ಅಂತ ತಿಳ್ಕೊಂಡು ಹೊಸಾ ಪಿಕಪ್‌ಗೆ ರೊಕ್ಕ ಕೂಡಿಸ್ಲಾಕತ್ತಿದ್ದೆ. ಗೇನ್ ಪೂರಾ ಇಳಿಸೀನಿ, ಜೋರ್ ಬಾರಿಸಿದ್ರ ಮೈನಸ್ 10 ತನಕ ಹೋಗ್ತದ, ಚರ್ ಅನ್ನೋದು ಹೋಯ್ತು. ಬಿದರಿ ತಂತಿಯವ್ರು ಹೇಳಿದಂಗೇ ನಾ ಹಾಕಿದ ಕ್ಯಾಪ್ಚರ್‌ದಾಗ ಕ್ಯಾಬಿನೆಟ್ ಇತ್ತು, ಮತ್ತ ಅದರ ಮ್ಯಾಲ ಐಆರ್ ಹಾಕಿದ್ದೆ. ಐಆರ್ ತಗದೆ, ಕಂಬಳಿ ಎದ್ದು ಹೋಯ್ತು. ಆಂಪ್ಲಿಟ್ಯೂಬ್‌ದಾಗ ಬ್ರೈಟ್ ಆಫ್ ಮಾಡಿ ಗೇನ್ ಜರಾ ಏರಿಸ್ದೆ, ಅಲ್ಲೂ ಮೈ ಬಂತು. ತಂತಿ ನಾಕು ತಿಂಗಳದ್ದು, ಇವತ್ತು ಹೊಸಾದು ಹಾಕ್ತೀನಿ, 9ರ ಸೆಟ್ ಇತ್ತು, 10ರದು (ಜರಾ ದಪ್ಪಂದು) ಹಾಕ್ಲಿ ಏನು?

ಹಮ್ ಮಾತ್ರ ಹಂಗೇ ಅದ. ತಂತಿ ಮುಟ್ಟಿದ್ರ ಕಡಿಮಿ ಆಗ್ತದ, ಬಿಟ್ರ ಜಾಸ್ತಿ. ಕರೆಂಟ್ ಹೋಗಿ ಇನ್ವರ್ಟರ್ ಮ್ಯಾಲ ಬಂದಾಗ ಅಂತೂ ಝರ್ರ್ ಅಂತ ಕಿವಿ ತುಂಬ್ತದ. ನಾಯ್ಸ್ ಗೇಟ್ (ಸಣ್ಣ ಆವಾಜ್ ಬಂದ್ ಮಾಡೋದು) ಹಾಕಿ ನೋಡ್ದೆ, ಕಾರ್ಡಿನ ಬಾಲ ಪಟ್ ಅಂತ ಕತ್ತರಿಸಿ ಹೋಗ್ತದ.


ತೊಗರಿ_ಹೊಲ (ಕಲಬುರಗಿ, ಸೇಡಂ ಕಡಿ)

ಗೇಟ್ ತಗಿ. ಕ್ಲೀನ್‌ದಾಗ ಗೇಟ್ ಹಾಕಿದ್ರ ನಾದ ಸಾಯೋ ಚೆಂದಾನೇ ಹೋಗ್ತದ.

ನಾ ಜಾತ್ರಿ, ಮದ್ವಿ, ಗಣಪತಿ ಕಾರ್ಯಕ್ರಮಕ್ಕ ಸೌಂಡ್ ಹಚ್ತೀನಿ, ಇಪ್ಪತ್ತು ವರ್ಷದಿಂದ ಈ ಗುಂಯ್ ಜೋಡಿ ಬಡದಾಡೀನಿ, ಅದಕ್ಕ ಬರೀಲಾಕತ್ತೀನಿ. ಮೊದಲು ಎರಡು ಹಮ್ ಬ್ಯಾರೆ ಮಾಡ್ಕೊ. ಗಿಟಾರ್ ಹಿಡದು ಕುಂತಲ್ಲೇ ಸುತ್ತ ತಿರುಗು, ತಿರುಗಿದಂಗ ಹಮ್ ಏರಿ ಇಳದ್ರ ಅದು ಪಿಕಪ್ ಗಾಳ್ಯಾಗಿಂದ ಹಿಡಿಯೋದು, 50 ಹರ್ಟ್ಜ್‌ದು. ನೀ ಲ್ಯಾಪ್‌ಟಾಪ್ ಪಕ್ಕದಾಗೇ ಕುಂದರ್ತಿ, ಎರಡು ಮಾರು ದೂರ ಸರಿ, ಮಕ ಜರಾ ಬ್ಯಾರೆ ದಿಕ್ಕಿಗೆ ಮಾಡ್ಕೊ. ಮತ್ತ ನಿಂದು ಸ್ಟ್ರಾಟ್ ನಮೂನಿ ಅಲ್ಲ, ನಡುವಿನ ಪಿಕಪ್ ಮತ್ತ ಕುತ್ಗಿ ಪಿಕಪ್ ಎರಡೂ ಕೂಡಿದ ಜಾಗಕ್ಕ ಸ್ವಿಚ್ ಹಾಕು. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು ಇದ್ರ ಎರಡರ ಹಮ್ ಒಂದಕ್ಕೊಂದು ಕಡದು ಹೋಗ್ತದ. ಕ್ಲೀನ್ ಕಾರ್ಡಿಗೆ ಆ ಜಾಗದ ಆವಾಜೂ ಭಾಳ ಛಲೋ.

ತಿರುಗಿದ್ರೂ ಬದಲಿ ಆಗ್ಲಿಲ್ಲ, ಕೈ ಮುಟ್ಟಿದ್ರ ಕಡಿಮಿ ಆಗ್ತದ ಅಂದ್ರ ಅರ್ಥಿಂಗ್ ವಿಷಯ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿ ಬ್ಯಾಟ್ರಿ ಮ್ಯಾಲ ನುಡಸಿ ನೋಡು. ನಿಂತ್ರ ಚಾರ್ಜರೇ ಕಾರಣ, ಟೇಕ್ ಇರೋವಷ್ಟು ಹೊತ್ತು ಬ್ಯಾಟ್ರಿ ಮ್ಯಾಲ ರೆಕಾರ್ಡ್ ಮಾಡು, ಅದಕ್ಕಿಂತ ಸೋವಿ ಉಪಾಯ ಇಲ್ಲ. ಚಾರ್ಜರ್ ಹಚ್ಚೇ ಮಾಡ್ಬೇಕು ಅಂದ್ರ ಮೂರು ಪಿನ್ನಿಂದು ಇರ್ಲಿ, ಪ್ಲಗ್ ಪಾಯಿಂಟ್‌ದಾಗ ಖರೇ ಅರ್ಥ್ ಬಂದದೋ ಇಲ್ಲೋ ಎಲೆಕ್ಟ್ರಿಷಿಯನ್ ಕಡಿಂದ ನೋಡಸು. ನಮ್ಮ ಕಡಿ ಕರಿ ಮಣ್ಣು, ಬ್ಯಾಸಗ್ಯಾಗ ಕೈ ಹೋಗೋವಷ್ಟು ಬಿರುಕು ಬಿಡ್ತದ, ಅರ್ಥಿಂಗ್ ಕುಣಿ ಒಣಗಿದ್ರ ಅರ್ಥ್ ಅನ್ನೋದು ಬರೇ ಹೆಸರಿಗೆ. ಉಪ್ಪು ಇದ್ದಲಿ ಹಾಕಿದ ಕುಣಿಗೆ ನಾಕು ದಿನಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕ್ಬೇಕು, ಅದು ಸಂಗೀತಕ್ಕಲ್ಲ, ಮನ್ಯಾಗಿರೋರ ಜೀವಕ್ಕ. ಹಮ್ ಹೋಗ್ತದ ಅಂತ ಅರ್ಥ್ ಪಿನ್ ಕಡದು ಹಾಕ್ರಿ ಅಂತ ಯಾರರೆ ಹೇಳಿದ್ರ ಬಿಲ್ಕುಲ್ ಕೇಳಬ್ಯಾಡ. ತಂತಿ ಲೋಹದ್ದು, ನಿನ್ನ ಕೈ ಅದರ ಮ್ಯಾಲ.

ಇನ್ವರ್ಟರಿನ ಝರ್ರ್ ಅಂದ್ರ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರ್ಬೇಕು. ಅದರ ಕರೆಂಟಿನ ಅಲಿ ದುಂಡಗಿಲ್ಲ, ಚೌಕ, ಆ ಚೂಪಾದ ಮೂಲಿಯೊಳಗಿಂದ 50 ಹರ್ಟ್ಜ್‌ದ ಮ್ಯಾಲ ನೂರೆಂಟು ಸ್ವರ ಹುಟ್ತಾವ. ಅದು ಓಡೋವಾಗ ರೆಕಾರ್ಡ್ ಮಾಡ್ಬ್ಯಾಡ.

ಫ್ಯಾನ್ ನೋಡ್ದಿ ಏನು? ಇದು ಯಾರೂ ಹೇಳಲ್ಲ. ತಿರುಗಿಸಿದಂಗ ನುಣ್ಣಗ ಏರಿ ಇಳಿಯೋ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ರ ಅದರಾಗ ಟ್ರಯಾಕ್ ಇರ್ತದ, ಸೆಕೆಂಡಿಗೆ ನೂರು ಸಲ ಕರೆಂಟ್ ಕಡದು ಹಚ್ತದ, ಗಿಟಾರ್‌ದಾಗ ಝಿರ್ರ್ ಅಂತ ಕೇಳಸ್ತದ. ಮೇ ತಿಂಗಳು ಕಲಬುರಗ್ಯಾಗ ಫ್ಯಾನ್ ಆಫ್ ಮಾಡು ಅಂತ ನಾ ಹೇಳಲ್ಲ. ಫುಲ್ ಸ್ಪೀಡಿಗೆ ಇಡು, ಆಗ ಆ ಕಡಿಯೋ ಕೆಲಸ ನಿಂತಂಗೇ. ಇಲ್ಲಾ ಟಕ್ ಟಕ್ ಅಂತ ನಾಕೈದು ಮೆಟ್ಟಲು ಇರೋ ಕೆಪ್ಯಾಸಿಟರ್ ರೆಗ್ಯುಲೇಟರ್ ಹಾಕಸು.


ಅಪ್ಪನ_ಕೆರೆ (ಊರು ಕಲಬುರಗಿ, ಸದ್ಯ ಬೆಂಗಳೂರು)

ತುಂಬಾ ಒಳ್ಳೆ ಥ್ರೆಡ್, ಊರಿನ ಮಾತು ಓದಿ ಖುಷಿ ಆಯ್ತು. ನಾನು ಮಿಕ್ಸಿಂಗ್ ಕೆಲ್ಸ ಮಾಡ್ತೀನಿ, ಎಲ್ಲರೂ ಆಂಪ್ ತನಕ ಹೇಳಿದ್ದಾರೆ, ಆಮೇಲಿಂದು ನಾನು ಹೇಳ್ತೀನಿ.

ಆಂಪ್ ಆದ್ಮೇಲೆ ಒಂದು ಈಕ್ಯೂ (ಈಕ್ವಲೈಜರ್) ಸಾಕು. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಜ್, ಅದರ ಕೆಳಗೆ ಇರೋದೆಲ್ಲ ಕೈ ತಾಗಿದ್ದು, ಟೇಬಲ್ ಅಲುಗಿದ್ದು, ಹಮ್. ಅದನ್ನ ಕತ್ತರಿಸಿ. ಬಾಸ್ ಗಿಟಾರ್ ಇರೋ ಹಾಡಲ್ಲಿ 100-120 ತನಕ ಕತ್ತರಿಸಿದ್ರೂ ತಪ್ಪಿಲ್ಲ, ಒಂಟಿಯಾಗಿ ಕೇಳಿದ್ರೆ ಬಡಕಲು ಅನ್ಸುತ್ತೆ, ಬ್ಯಾಂಡ್ ಜೊತೆ ಸರಿ ಕೂರುತ್ತೆ. 250ರ ಸುತ್ತ ಮುತ್ತ ಕೆಸರು ಅನ್ಸಿದ್ರೆ 2-3 ಡೆಸಿಬಲ್ ತೆಗೀರಿ. 3 ಕಿಲೋ ಹರ್ಟ್ಜ್ ಹತ್ರ ಚುಚ್ಚಿದ್ರೆ ಅಲ್ಲೂ ಅಷ್ಟೇ. ಅದಕ್ಕಿಂತ ಜಾಸ್ತಿ ತೆಗೀಬೇಕು ಅನ್ಸಿದ್ರೆ ಈಕ್ಯೂ ಬಿಟ್ಟು ಐಆರ್ ಬದಲಾಯಿಸಿ, ಮೈಕ್ ಸ್ಪೀಕರಿನ ನಡು ಭಾಗದಿಂದ ಒಂದಿಂಚು ಪಕ್ಕಕ್ಕೆ ಸರಿದ ಐಆರ್ ಮಾಡೋ ಕೆಲಸಾನ ಈಕ್ಯೂ ಮಾಡಲ್ಲ.

ಕಂಪ್ರೆಸರ್ (ಜೋರಾದ ಆವಾಜ್ ತಗ್ಗಿಸೋ ಎಫೆಕ್ಟ್) ಬಗ್ಗೆ ಯಾರೂ ಹೇಳಿಲ್ಲ. 3ಕ್ಕೆ 1 ರೇಶಿಯೊ, ಅಟ್ಯಾಕ್ (ಅದು ತಗ್ಗಿಸೋಕೆ ತಗೊಳೋ ಹೊತ್ತು) 25 ಮಿಲಿ ಸೆಕೆಂಡ್ ಹತ್ರ, ಜೋರಾದ ಸ್ಟ್ರಮ್ಮಿಗೆ 3-4 ಡೆಸಿಬಲ್ ಇಳಿಯೋ ಹಾಗೆ. ಅಟ್ಯಾಕ್ ತೀರಾ ಚುರುಕು ಇಟ್ರೆ ಪಿಕ್ ತಂತಿಗೆ ತಾಗೋ ಟಿಕ್ ಸತ್ತುಹೋಗುತ್ತೆ, ಕಾರ್ಡಿನ ಮುಖಾನೇ ಅದು.

ರಿವರ್ಬ್‌ಗೆ ಒಂದು ಮಾತು. ನಮ್ಮ ಕೋಟೆ ಒಳಗೆ 1367ರ ಜಾಮಿ ಮಸೀದಿ ಇದೆಯಲ್ಲ, ಅಂಗಳಾನೇ ಇಲ್ಲದೆ ಪೂರ್ತಿ ಮೇಲೆ ಗುಮ್ಮಟ ಕಮಾನು ಮುಚ್ಚಿರೋದು, ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿ ಹೋದಾಗ ಅವರು ಮೆಲ್ಲಗೆ ಏನೋ ಹೇಳಿದ್ರೆ ಮೊದಲು ಮಾತು ಕಿವಿಗೆ ಬರ್ತಿತ್ತು, ಆಮೇಲೆ ಕಮಾನುಗಳು ಅದನ್ನ ತಗೊಂಡು ಹೋಗ್ತಿದ್ವು. ರಿವರ್ಬ್ ಹಾಕುವಾಗ ಇವತ್ತಿಗೂ ನನಗೆ ಅದೇ ನೆನಪು. ಪ್ರಿ-ಡಿಲೇ ಅಂತ ಇರುತ್ತೆ, 20-30 ಮಿಲಿ ಸೆಕೆಂಡ್ ಕೊಡಿ, ಕಾರ್ಡ್ ಮೊದಲು ನುಡೀಲಿ, ಜಾಗ ಆಮೇಲೆ ಬರ್ಲಿ. ಪ್ರಿಸೆಟ್‌ಗಳಲ್ಲಿ ರಿವರ್ಬ್ ಮೊದಲೇ ಸುರಿದಿರ್ತಾರೆ, ಅದನ್ನ ಆಫ್ ಮಾಡಿ ಟೋನ್ ಕಟ್ಟಿ, ಕೊನೇಗೆ ಸ್ವಲ್ಪ ಹಾಕಿ.

ಮತ್ತೆ, ಒಂದೇ ಭಾಗಾನ ಎರಡು ಸಲ ನುಡಿಸಿ, ಒಂದು ಎಡಕ್ಕೆ ಒಂದು ಬಲಕ್ಕೆ. ಕಾಪಿ ಪೇಸ್ಟ್ ಮಾಡಿದ್ರೆ ಅಗಲ ಬರಲ್ಲ, ಎರಡೂ ಒಂದೇ ಆಗಿರೋದ್ರಿಂದ ನಡೂನಲ್ಲೇ ಕೇಳ್ಸುತ್ತೆ. ನಿಮ್ಮ ಕೈಯಲ್ಲಿ ಬರೋ ಆ ಚೂರು ಹಿಂದೆ ಮುಂದೆ ಇದೆಯಲ್ಲ, ಅಗಲ ಬರೋದು ಅದ್ರಿಂದ. ಒಂದು ಕಡೆ ಎಸಿ30, ಇನ್ನೊಂದು ಕಡೆ ಡಿಲಕ್ಸ್ ಇಟ್ರೆ ಇನ್ನೂ ಚೆನ್ನ.


ಭೀಮಾ_ದಂಡಿ

ಕಂಪ್ರೆಸರ್ ವಿಷಯದಾಗ ನನಗ ಒಪ್ಪಿಗಿ ಇಲ್ಲ ಅಣ್ಣಾರೆ. ಇಂವಗ ಬೇಕಾಗಿದ್ದು ಮೆತ್ತಗ ನುಡದ್ರ ಸಾಫ್, ಗಟ್ಟಿ ನುಡದ್ರ ಖಾರ. ಆ ಅಂತರ ಹುಟ್ಟೂದು ಕೈಯಾಗ. ಕಲಿಯೂ ಹೊತ್ತಿನಾಗ ಆಂಪ್ ಮುಂದ ಕಂಪ್ರೆಸರ್ ಹಾಕಿದ್ರ ಎರಡೂ ಒಂದೇ ಆಗಿ ಬಲಗೈ ಹದ ಬರಂಗೇ ಇಲ್ಲ. ಮಿಕ್ಸ್‌ದಾಗ ಆಮ್ಯಾಲ ಹಾಕ್ರಿ, ನುಡಿಸುವಾಗ ಬ್ಯಾಡ.

ಅದಕ್ಕಿಂತ ಗಿಟಾರ್ ಮ್ಯಾಲಿನ ವಾಲ್ಯೂಮ್ ಗುಬುಟು ಕಲಿ ತಮ್ಮಾ. ಗಿಟಾರ್ ವಾಲ್ಯೂಮ್ 10 ಇದ್ದಾಗ ಖಾರ ಬರೂ ಹಂಗ ಆಂಪ್ ಇಟ್ಟು, ಗಿಟಾರ್ 7ಕ್ಕ ಇಳಿಸಿದ್ರ ಸಾಫ್, ಹಾಡು ಏರಿದಾಗ ಮತ್ತ 10. ಇಳಿಸಿದಾಗ ಮಿಂಚು ಕಡಿಮಿ ಆಗ್ತೈತಿ, ಅದಕ್ಕ ವಾಲ್ಯೂಮ್ ಪಾಟ್‌ಗೆ ಒಂದು ಸಣ್ಣ ಟ್ರೆಬಲ್ ಬ್ಲೀಡ್ ಕೆಪ್ಯಾಸಿಟರ್ ಹಚ್ಚಿಸಿದ್ರ ಉಳೀತೈತಿ, ಸಾಮಾನಿಗೆ ಹತ್ತಿಪ್ಪತ್ತು ರೂಪಾಯಿ ಆದ್ರ ಭಾಳ. ನ್ಯೂರಲ್ ಆಂಪ್ ಮಾಡೆಲರ್‌ದಾಗ ಇದು ಇನ್ನೂ ಮುಖ್ಯ, ಯಾಕಂದ್ರ ಕ್ಯಾಪ್ಚರ್ ಅಂದ್ರ ಆಂಪ್ ಒಂದು ಸೆಟ್ಟಿಂಗ್‌ದಾಗ ಇದ್ದಾಗ ತಗದ ಫೋಟೊ ಇದ್ದಂಗ, ಅಲ್ಲಿ ಕಾಣೂ ಬಾಸ್ ಮಿಡ್ ಟ್ರೆಬಲ್ ಆ ಆಂಪಿನವು ಅಲ್ಲ, ಪ್ಲಗಿನ್‌ದವು. ಆಂಪಿನ ಗೇನ್ ತಿರುವಾಕ ಬರಂಗಿಲ್ಲ. ಹಂಗಾಗಿ ಅಂಚಿನ ಮ್ಯಾಲ ನಿಂತ ಕ್ಯಾಪ್ಚರ್ ಆರಿಸಿ ಗಿಟಾರ್ ವಾಲ್ಯೂಮ್‌ನಿಂದಾನೇ ಆಡಿಸ್ಬೇಕು.

ತಂತಿ 10ರದು ಹಾಕು. ಕಾರ್ಡಿಗೆ ಮೈ ಬರ್ತೈತಿ. ಹಾಕಿದ ಮ್ಯಾಲ ನೆಕ್ ಜರಾ ಮುಂದ ಬಾಗಬಹುದು, ಎರಡು ದಿನ ಬಿಟ್ಟು ನೋಡಿ ಟ್ರಸ್ ರಾಡ್ (ನೆಕ್ ಒಳಗಿನ ಸರಳು) ಕಾಲು ಸುತ್ತಿಗಿಂತ ಹೆಚ್ಚು ತಿರುವಬ್ಯಾಡ. ಪಿಕಪ್ ತಂತಿಗೆ ತೀರಾ ಹತ್ರ ಇದ್ರ ಒಂದೀಟು ಇಳಿಸು, ಸಿಂಗಲ್ ಕಾಯಿಲಿನ ಅಯಸ್ಕಾಂತ ದಪ್ಪ ತಂತಿ ಎಳದ್ರ ಸ್ವರ ತೂರಾಡ್ತೈತಿ, ಕ್ಲೀನ್‌ದಾಗ ಅದು ಎದ್ದು ಕೇಳಸ್ತೈತಿ.


ಅಪ್ಪನ_ಕೆರೆ

ಆಂಪ್ ಮುಂದೆ ಬೇಡ ಅನ್ನೋದು ಒಪ್ಪಿದೆ, ನಾನು ಹೇಳಿದ್ದು ಆಂಪ್ ಆದ್ಮೇಲೆ ಹಾಕೋದು, ಸರಿಯಾಗಿ ಬರೀಬೇಕಿತ್ತು.


ಶಹಾಬಾದ್_ಫರ್ಸಿ

ಹಮ್ ಸಿಕ್ತು! ಎರಡೂ ಇತ್ತು. ಚಾರ್ಜರ್ ಕಿತ್ತಿದ್ರ ಗುಂಯ್ ಹೋಯ್ತು, ಝಿರ್ರ್ ಉಳೀತು, ಅದು ಫ್ಯಾನ್ ರೆಗ್ಯುಲೇಟರ್. ಫುಲ್ ಇಟ್ಟೆ, ಅದೂ ಹೋಯ್ತು. ಪ್ಲಗ್ ಪಾಯಿಂಟಿನ ಅರ್ಥ್ ನೋಡಸ್ಲಾಕ ಮಾವಗ ಹೇಳೀನಿ, ತೊಗರಿ ಹೊಲದ ಅಣ್ಣಾರು ಜೀವದ ಮಾತು ಹೇಳಿದ ಮ್ಯಾಲ ಮನ್ಯಾಗ ಅವ್ವನೂ ಬಿಡವಲ್ಲಳು. ಹೆಡ್‌ಫೋನ್ ಹಾಕ್ಕೊಂಡು ಏನೂ ನುಡಸ್ದೆ ಸುಮ್ಕ ಕುಂತೆ, ಪೂರಾ ಕತ್ತಲಿ ಇದ್ದಂಗ ಇತ್ತು, ಆಮ್ಯಾಲ ಒಂದು ಜಿ ಕಾರ್ಡ್ ಬಿಟ್ಟೆ, ಅದು ಸಾಯೋ ತನಕ ಕೇಳ್ತಾ ಕುಂತೆ. ಬಿದರಿ ತಂತಿಯವ್ರು ಹೇಳಿದ ಕರಿ ಅಂದ್ರ ಏನಂತ ಆಗ ತಿಳೀತು.

ಎಸಿ30 ಕ್ಯಾಪ್ಚರ್, ಕಟ್ ಜರಾ ಏರಿಸಿ ತಗದದ್ದು ಒಂದು ಸಿಕ್ಕದ. 10ರ ತಂತಿ, ನಡು ಮತ್ತ ಕುತ್ಗಿ ಪಿಕಪ್, ಗಿಟಾರ್ ವಾಲ್ಯೂಮ್ 7. ಬಫರ್ (ಕಂಪ್ಯೂಟರ್ ಒಮ್ಮೆಗೆ ತಗೊಳೋ ಆವಾಜಿನ ತುಣುಕು) 128 ಸ್ಯಾಂಪಲ್ ಇಟ್ರ ಹಳೇ ಲ್ಯಾಪ್‌ಟಾಪ್ ನಡುನಡುವ ಪಟ್ ಪಟ್ ಅಂತದ, 256 ಇಟ್ರ ಕೈಗೂ ಕಿವಿಗೂ ನಡು ಒಂದು ಗುಕ್ಕು ಅಂತರ ಬಿದ್ದಂಗ ಅನಸ್ತದ. ಇದಕ್ಕೇನರೆ ಅದೇನ್ರಿ? ಇನ್ನೊಂದು, ಬರೋ ತಿಂಗಳು ಕಾಲೇಜಿನ ಕಾರ್ಯಕ್ರಮದಾಗ ಇದೇ ಲ್ಯಾಪ್‌ಟಾಪ್ ತಗೊಂಡು ಸ್ಟೇಜ್ ಮ್ಯಾಲ ನುಡಸ್ಬೇಕು ಅಂತ ಅದ.


ಬಿದರಿ_ತಂತಿ

48 ಕಿಲೋ ಹರ್ಟ್ಜ್‌ದಾಗ 128 ಅಂದ್ರ ಸುಮಾರು 2.7 ಮಿಲಿ ಸೆಕೆಂಡ್, 256 ಅಂದ್ರ 5.3. ಆದ್ರ ಒಳಗ ಬರ್ಲಿಕ್ಕ ಒಮ್ಮೆ, ಹೊರಗ ಹೋಗ್ಲಿಕ್ಕ ಒಮ್ಮೆ ಕಾಯ್ಬೇಕು, ಡ್ರೈವರ್‌ದು ಬ್ಯಾರೆ, ಅದಕ್ಕ 256ಕ್ಕ ಗೊತ್ತಾಗ್ತದ. ಇಂಟರ್ಫೇಸ್ ಕಂಪನಿಯವರದೇ ಎಎಸ್‌ಐಒ ಡ್ರೈವರ್ ಹಾಕೀರೇನು ನೋಡ್ರಿ, ವಿಂಡೋಸ್‌ದು ಸಾದಾ ಡ್ರೈವರ್ ಇದ್ರ ಏನ್ ಮಾಡಿದ್ರೂ ತಡಾನೇ. ಆಮ್ಯಾಲ ಅದೇ ಆಂಪಿನ ಸಣ್ಣ ಕ್ಯಾಪ್ಚರ್ ಹುಡುಕ್ರಿ, ನ್ಯೂರಲ್ ಆಂಪ್ ಮಾಡೆಲರ್‌ದಾಗ ಸ್ಟ್ಯಾಂಡರ್ಡ್ ಅಲ್ದೆ ಲೈಟ್, ಫೆದರ್, ನ್ಯಾನೊ ಅಂತ ಅವ, ಪ್ರೊಸೆಸರ್ ಮ್ಯಾಲ ಭಾರ ಕಡಿಮಿ. ಕ್ಲೀನ್ ಟೋನ್‌ದಾಗ ಫೆದರ್‌ಗೂ ಸ್ಟ್ಯಾಂಡರ್ಡ್‌ಗೂ ನನ್ನ ಕಿವಿಗೆ ಅಂಥಾ ಫರಕ್ ಕೇಳಿಲ್ಲ. ಚಾರ್ಜರ್ ಕಿತ್ತಿದಾಗ ಲ್ಯಾಪ್‌ಟಾಪ್ ತಾನೇ ಸ್ಪೀಡ್ ಇಳಿಸ್ತದ, ಪವರ್ ಸೆಟ್ಟಿಂಗ್‌ದಾಗ ಹೈ ಪರ್ಫಾರ್ಮೆನ್ಸ್ ಇಡ್ರಿ, ಪಟ್ ಪಟ್ ಅಲ್ಲಿಂದಾನೂ ಬರಬಹುದು.


ತೊಗರಿ_ಹೊಲ

ಸ್ಟೇಜಿನ ವಿಷಯ ನಾ ಹೇಳ್ತೀನಿ. ಇಂಟರ್ಫೇಸ್‌ನಿಂದ ನೇರ ಮಿಕ್ಸರ್‌ಗೆ ಹೋಗೋದಾದ್ರ ಕ್ಯಾಬಿನೆಟ್ ಇರ್ಲಿ, ಯಾಕಂದ್ರ ಪಿಎ (ಹಾಲಿನ ದೊಡ್ಡ) ಸ್ಪೀಕರ್ ಎಲ್ಲಾ ಆವಾಜೂ ನುಡಸ್ತದ, ಕ್ಯಾಬಿನೆಟ್ ಇಲ್ದಿದ್ರ ತಗಡು. ಕಾಲೇಜಿನವ್ರು ಗಿಟಾರ್ ಆಂಪ್ ಕೊಟ್ರು, ಅದರ ರಿಟರ್ನ್ ಜಾಕಿಗೆ (ನೇರ ಪವರ್ ಭಾಗಕ್ಕ ಹೋಗೋದು) ಹಚ್ಚಿದಿ ಅಂದ್ರ ಕ್ಯಾಬಿನೆಟ್ ಇಲ್ದ ಕ್ಯಾಪ್ಚರ್ ಹಾಕು, ಸ್ಪೀಕರ್ ಅಲ್ಲೇ ಅದ. ಮಿಕ್ಸರ್‌ಗೆ ಉದ್ದ ಕೇಬಲ್ ಎಳೀಬೇಕಂದ್ರ ನಡುವ ಡಿಐ ಬಾಕ್ಸ್ (ಉದ್ದ ಕೇಬಲ್‌ಗೆ ಸಿಗ್ನಲ್ ಹೊಂದಿಸೋ ಡಬ್ಬಿ) ಇರ್ಲಿ, ಅದರಾಗ ಗ್ರೌಂಡ್ ಲಿಫ್ಟ್ ಸ್ವಿಚ್ ಇರ್ತದ, ಹಮ್ ಬಂದ್ರ ಅದನ್ನ ಒತ್ತು. ಸಿಗ್ನಲಿನ ಗ್ರೌಂಡ್ ಬಿಡಿಸ್ಲಾಕ ಆ ಸ್ವಿಚ್ ಅದ, ಕರೆಂಟಿನ ಅರ್ಥ್ ಪಿನ್ ಮುಟ್ಟಬ್ಯಾಡ.

ಖರೇ ಮಾತು ಇದು. ನೀ ರಾತ್ರಿ ಹೆಡ್‌ಫೋನ್‌ದಾಗ ಸಣ್ಣ ಆವಾಜಿಗೆ ಮಾಡಿದ ಟೋನ್ ಸ್ಟೇಜ್ ಮ್ಯಾಲ ಹಂಗೇ ಇರಲ್ಲ. ಆವಾಜ್ ಸಣ್ಣದಿದ್ದಾಗ ನಮ್ಮ ಕಿವಿಗೆ ಬಾಸೂ ಟ್ರೆಬಲ್ಲೂ ಕಡಿಮಿ ಕೇಳಸ್ತಾವ, ಫ್ಲೆಚರ್ ಮನ್ಸನ್ ಅನ್ನೋರು 1933ರಾಗೇ ಇದನ್ನ ಅಳದು ತೋರ್ಸ್ಯಾರ. ಅದಕ್ಕ ಮನ್ಯಾಗ ನಾವು ಎರಡೂ ಏರಸ್ತೀವಿ, ಸ್ಟೇಜ್ ಮ್ಯಾಲ ಜೋರಾದ ಕೂಡ್ಲೆ ಕೆಳಗ ಗುಡುಗು, ಮ್ಯಾಲ ಸೂಜಿ, ನಡುವಿನ ಗಿಟಾರ್ ಎಲ್ಲೂ ಇಲ್ಲ. ಎಷ್ಟೋ ಹುಡುಗ್ರು ಮನ್ಯಾಗ ಛಲೋ ಟೋನ್ ಮಾಡ್ಕೊಂಡು ಬಂದು ಇಲ್ಲಿ ಕಣ್ಣಾಗ ನೀರು ತಂದದ್ದು ನೋಡೀನಿ. ಒಂದು ಕೆಲಸ ಮಾಡು, ಸ್ಟೇಜಿಗೆ ಅಂತ ಬ್ಯಾರೆ ಒಂದು ಸೆಟ್ಟಿಂಗ್ ಉಳಿಸ್ಕೊ. ಬಾಸ್ ಜರಾ ಕಡಿಮಿ, 5 ಕಿಲೋ ಹರ್ಟ್ಜ್ ಮ್ಯಾಲ ಒಂದೀಟು ಕತ್ತರಿ, ಮಿಡ್ ಮುಂದ, ರಿವರ್ಬ್ ಅರ್ಧ, ಯಾಕಂದ್ರ ಹಾಲ್ ತನ್ನ ರಿವರ್ಬ್ ತಾನೇ ಹಾಕ್ತದ. ಹಗಲಿಗೆ ಒಂದು ಸಲ ಸ್ಪೀಕರ್ ಮ್ಯಾಲ ಜೋರಾಗಿ ಹಚ್ಚಿ, ಡ್ರಮ್ಮಿನವನ್ನ ಕೂಡಿಸ್ಕೊಂಡು ಅದನ್ನ ತಿದ್ದು. ನಿಮ್ಮ ಮನಿ ಫರ್ಸಿ ಶಹಾಬಾದ್ ಕಲ್ಲೇ ಇರ್ಬೇಕು ಹೆಸರು ನೋಡಿದ್ರ, ಕಲ್ಲಿನ ನೆಲ ಟ್ರೆಬಲ್ ತಿರುಗಿ ಕಿವಿಗೆ ಹೊಡೀತದ, ಎರಡು ಕೌದಿ ಹಾಸಿ ಆಮ್ಯಾಲ ಕೇಳು.


ಶಹಾಬಾದ್_ಫರ್ಸಿ

ಶಹಾಬಾದ್ ಕಲ್ಲೇ ಅದರಿ. ಅವ್ವನ ಎರಡು ಕೌದಿ ತಗೊಂಡು ಹಾಸೀನಿ, ಐತವಾರ ಮಧ್ಯಾಹ್ನ ಗೆಳ್ಯಾರು ಬರ್ಲಾಕತ್ತಾರ. ಎಎಸ್‌ಐಒ ಡ್ರೈವರ್ ಹಾಕೀನಿ, ಫೆದರ್ ಕ್ಯಾಪ್ಚರ್ 128ಕ್ಕ ಪಟ್ ಅನ್ನದೆ ಓಡ್ಲಾಕತ್ತದ. ಮೊದಲನೇ ಹಾಡಿನ ಎಡಗಡಿ ಗಿಟಾರ್ ಆಯ್ತು, ಬಲಗಡಿದು ಡಿಲಕ್ಸ್‌ದಾಗ ನಾಳಿ ನುಡಸ್ತೀನಿ, ಮುಗದ ಕೂಡ್ಲೆ ಇಲ್ಲೇ ಹಾಕ್ತೀನಿ, ಎಲ್ಲಾರು ಕೇಳಿ ಎಲ್ಲಿ ಸರಿ ಇಲ್ಲ ಅದನ್ನೇ ಹೇಳ್ರಿ.